ತಂಗಿಗೆ ಓದಿ ಹೇಳಿದ ಕಾದಂಬರಿ

ಸೆಪ್ಟೆಂಬರ್ 20, 2018, ಗುರುವಾರ

ಅರವತ್ತೊಂದು ತುಂಬಿತು. ಇಡೀ ದಿನ ಬಂದದ್ದು ಒಂದೇ ಫೋನು, ಅದೂ ಟ್ಯೂನಿಸ್‌ನಿಂದ ಪ್ರಕಾಶಕ ಹಾತಿಮ್‌ನದು. ಹುಟ್ಟಿದ ದಿನದ ವಿಷಯ ಅವನಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನ್ನ ‘ಕಟ್ಟೆಯ ತುದಿಯಲ್ಲಿ’ ಕಾದಂಬರಿ ಅಚ್ಚಾಗಿ ಈ ಡಿಸೆಂಬರಿಗೆ ಇಪ್ಪತ್ತು ವರ್ಷ. ಹೊಸ ಆವೃತ್ತಿ ತರುತ್ತಾನಂತೆ. ಗಟ್ಟಿ ರಟ್ಟು, ಒಳಗೆ ನನ್ನ ಹಳೆಯ ಫೋಟೋ, ಹತ್ತು ಪುಟದ ಮುನ್ನುಡಿ. ಆ ಕಥೆ ನಿಮಗೆ ಹೇಗೆ ಹೊಳೆಯಿತು ಅಂತ ಬರೆಯಿರಿ ಮೇಡಂ, ಓದುವವರಿಗೆ ಅದೇ ಬೇಕು ಎಂದ. ಹೊಸ ಕಾದಂಬರಿ ಎಲ್ಲಿಗೆ ಬಂತು ಎಂದು ಕೇಳಲಿಲ್ಲ. ಕೇಳುವುದನ್ನು ಹೋದ ವರ್ಷವೇ ಬಿಟ್ಟಿದ್ದಾನೆ.

ನಾಲ್ಕು ವರ್ಷದಿಂದ ಬರೆದದ್ದನ್ನೆಲ್ಲ ಹರಿದು ಹಾಕಿದ್ದೇನೆ. ಓದು ಮಾತ್ರ ನಿಂತಿಲ್ಲ. ಬೆಳಗಿನ ಕಾಫಿಗೆ ಮೊದಲು ನಲವತ್ತು ಪುಟ, ಅಡುಗೆಮನೆಯ ಕಿಟಕಿಯ ಪಕ್ಕ, ಪೆನ್ಸಿಲು ಕೂದಲಲ್ಲಿ. ಚೆನ್ನಾದ ವಾಕ್ಯ ಸಿಕ್ಕರೆ ಅಡಿಗೆರೆ. ಶುಕ್ರವಾರ ಮಾತ್ರ ಕವಿತೆ. ನಲವತ್ತು ವರ್ಷದ ಅಭ್ಯಾಸ. ನನ್ನದೇ ಪುಸ್ತಕವನ್ನು ಮಾತ್ರ ಅಚ್ಚಾದ ಮೇಲೆ ಒಂದು ಸಲವೂ ತೆರೆದವಳಲ್ಲ. ಸಂದರ್ಶನಗಳಲ್ಲಿ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಈಗ ಸಂದರ್ಶನಕ್ಕೆ ಬರುವವರಿಲ್ಲ.

ಸಂಜೆ ಮೀನು ಮಾರುಕಟ್ಟೆಯ ಬಳಿ ಒಬ್ಬ ಮುದುಕ ಗಟ್ಟಿಯಾಗಿ ತನ್ನ ಹೆಸರನ್ನೇ ಕರೆದುಕೊಂಡು ಹೋಗುತ್ತಿದ್ದ. ಎಲ್ಲಾದರೂ ಬಳಸಬಹುದು.

ಸೆಪ್ಟೆಂಬರ್ 25, ಮಂಗಳವಾರ

ಮೊಂಜಿ ಫೋನು ಮಾಡಿದ್ದ. ನನ್ನ ತಂಗಿಯ ಗಂಡ. ದನಿ ಗುರುತು ಹತ್ತಲಿಲ್ಲ, ಹೆಸರು ಹೇಳಬೇಕಾಯಿತು. ವಸೀಲಾಳಿಗೆ ಎದೆಯಲ್ಲಿ ಗಂಟಾಗಿತ್ತಂತೆ. ಆಗಸ್ಟಿನಲ್ಲಿ ಶಸ್ತ್ರಚಿಕಿತ್ಸೆ ಆಗಿದೆ, ಇದೇ ಸ್ಫಾಕ್ಸ್‌ನಲ್ಲಿ, ನನ್ನ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ನನಗೆ ತಿಳಿಸಬೇಡ ಎಂದಿದ್ದಳಂತೆ. ಈಗ ಐದು ವಾರ ದಿನವೂ ವಿಕಿರಣ ಚಿಕಿತ್ಸೆ ಆಗಬೇಕು. ಕರ್ಕೆನ್ನಾ ದ್ವೀಪದಿಂದ ದಿನಾ ಫೆರಿಯಲ್ಲಿ ಬಂದು ಹೋಗುವ ತ್ರಾಣ ಅವಳಿಗಿಲ್ಲ. ಆಕ್ಟೋಪಸ್ ಹಂಗಾಮು ಶುರುವಾಗುತ್ತಿದೆ, ಬಲೆ ಬಿಟ್ಟು ಅವನು ಬರುವಂತಿಲ್ಲ.

‘ಅವಳಿಗೆ ಹೇಳದೇನೆ ಕೇಳ್ತಿದೀನಿ ಅಕ್ಕ’ ಎಂದ. ‘ನೀವು ಬೇಡ ಅಂದ್ರೆ ಈ ಮಾತು ಇಲ್ಲಿಗೇ ಬಿಡ್ತೀನಿ.’

ಕರೆದುಕೊಂಡು ಬಾ ಎಂದೆ.

ಆ ಪುಸ್ತಕ ಬಂದಾಗಿನಿಂದ ವಸೀಲಾ ನನ್ನ ಜೊತೆ ಮಾತಾಡಿಲ್ಲ. ಅಮ್ಮ ತೀರಿಹೋದ ದಿನ ಎರಡು ಮಾತು, ಅದೂ ಹೆಣ ತೊಳೆಯುವ ನೀರಿನ ಬಗ್ಗೆ. ಫೋನಿಟ್ಟ ಮೇಲೆ ಮೊದಲು ಮಾಡಿದ್ದು ಪೆನ್ಸಿಲು ಹುಡುಕಿದ್ದು. ಬರೆಯಬೇಕು ಅನ್ನಿಸಿತ್ತು. ನಾಲ್ಕು ವರ್ಷದಲ್ಲಿ ಹೀಗಾಗಿರಲಿಲ್ಲ.

ಸೆಪ್ಟೆಂಬರ್ 30, ಭಾನುವಾರ

ಬಂದಿದ್ದಾಳೆ. ಐವತ್ನಾಲ್ಕಕ್ಕೆ ಅಮ್ಮನ ನಡಿಗೆ ಬಂದುಬಿಟ್ಟಿದೆ. ಒಂದು ಚೀಲ, ತನ್ನದೇ ತಲೆದಿಂಬು, ಕಾಗದದಲ್ಲಿ ಸುತ್ತಿದ ಒಣ ಆಕ್ಟೋಪಸ್ಸು. ಮೊಂಜಿ ಅದೇ ಫೆರಿಯಲ್ಲಿ ವಾಪಸು ಹೋದ.

ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು. ‘ನನ್ನ ಬಗ್ಗೆ ಒಂದಕ್ಷರ ಬರೆಯಲ್ಲ ಅಂತ ಮಾತು ಕೊಡು. ಇಲ್ಲಾಂದ್ರೆ ಇದೇ ಟ್ಯಾಕ್ಸೀಲಿ ವಾಪಸ್ ಹೋಗ್ತೀನಿ.’

ಕೊಟ್ಟೆ. ಡ್ರೈವರ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ.

ದಿನಚರಿ ಲೆಕ್ಕಕ್ಕಿಲ್ಲ. ಇದನ್ನು ಯಾರೂ ಓದುವುದಿಲ್ಲ.

ಅಕ್ಟೋಬರ್ 1, ಸೋಮವಾರ

ಮೊದಲ ದಿನ. ಬೆಂಚಿನಲ್ಲಿ ಒಂದೂವರೆ ಗಂಟೆ ಕಾದು, ಒಳಗೆ ಹತ್ತು ನಿಮಿಷ. ಎದೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆದಿದ್ದಾರೆ, ಐದು ವಾರ ಅದು ಅಳಿಯಬಾರದು, ಸೋಪು ತಾಗಿಸಬಾರದು. ಮನೆಗೆ ಬಂದು ಕಪ್ಪು ಸ್ಕಾರ್ಫು ತೆಗೆಯದೆ ಕೂತಳು. ಶೋರ್ಬಾ ಸೂಪು ಮಾಡಿದ್ದೆ. ಉಪ್ಪು ಜಾಸ್ತಿ ಎಂದಳು. ಇಡೀ ದಿನಕ್ಕೆ ಅಷ್ಟೇ.

ಅಕ್ಟೋಬರ್ 4, ಗುರುವಾರ

ಗಮನಿಸಿದ್ದು: ಎಡಗೈಯನ್ನು ಮೈಗೆ ಅಂಟಿಸಿಕೊಂಡೇ ಇರುತ್ತಾಳೆ, ಏನೋ ಕದ್ದು ಒಯ್ಯುತ್ತಿರುವವಳ ಹಾಗೆ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದವಳಿಗೆ ತನ್ನ ಹೆಸರು ಬೇರೆ ಹೇಳಿದಳು. ಮಧ್ಯಾಹ್ನ ಮಲಗಿದರೆ ಗೋಡೆಗೆ ಮುಖ. ಗಂಡನ ಫೋನಿಗೆ ‘ಹೂಂ, ಹೂಂ, ಬೆಕ್ಕಿಗೆ ಹಾಕಿದ್ಯಾ’ ಎನ್ನುವುದರ ಹೊರತು ಮಾತಿಲ್ಲ.

ಇದರಲ್ಲಿ ಒಂದು ಕಾದಂಬರಿ ಇದೆ. ಸುಳ್ಳು ಯಾಕೆ ಹೇಳಲಿ, ಎರಡು ಪುಟ ಬರೆದೂ ಆಯಿತು. ವರ್ಷಗಳ ಮೇಲೆ ಹರಿಯಬೇಕು ಅನ್ನಿಸದ ಎರಡು ಪುಟ. ಹೆಸರು, ಊರು, ಕಾಯಿಲೆ ಎಲ್ಲ ಬದಲಾಯಿಸಬಹುದು.

ಒಂದೇ ಮನೆಯಲ್ಲಿ ಇಬ್ಬರಿದ್ದೇವೆ. ಒಬ್ಬಳೇ ಇದ್ದಾಗ ಮನೆ ಇಷ್ಟು ಸದ್ದಿಲ್ಲದೆ ಇರುತ್ತಿರಲಿಲ್ಲ.

ಅಕ್ಟೋಬರ್ 9, ಮಂಗಳವಾರ

ಊಟವಾದ ಮೇಲೆ ತಟ್ಟೆ ತೊಳೆಯುತ್ತಿದ್ದೆ. ವಸೀಲಾ ಬಾಗಿಲಿಗೆ ಒರಗಿ ನಿಂತು, ಆ ಪುಸ್ತಕ ಇದೆಯಾ ಮನೆಯಲ್ಲಿ ಎಂದಳು. ಯಾವುದು ಎಂದು ಕೇಳುವ ನಾಟಕ ಆಡಲಿಲ್ಲ. ಇದೆ ಎಂದೆ.

‘ಓದಿ ಹೇಳು.’

ಅವಳು ಓದಿಲ್ಲವಂತೆ. ಆರನೇ ತರಗತಿಗೆ ಶಾಲೆ ಬಿಟ್ಟವಳು, ಪುಸ್ತಕದ ಅರಬ್ಬಿ ಅವಳಿಗೆ ಕಷ್ಟ. ರೇಡಿಯೋದಲ್ಲಿ ಮೂವತ್ತು ಕಂತು ಬಂದಾಗ ದ್ವೀಪದ ಮನೆಮನೆಯಲ್ಲೂ ಕೇಳಿದ್ದರು, ಇವಳು ಮಾತ್ರ ತನ್ನ ಮನೆಯ ರೇಡಿಯೋ ಆರಿಸಿಟ್ಟಿದ್ದಳು. ಅದರಲ್ಲಿ ಏನಿದೆ ಎಂದು ಅವಳಿಗೆ ಹೇಳಿದ್ದು ಬೇರೆಯವರು, ಮದುವೆಮನೆಗಳಲ್ಲಿ, ಬಾವಿಯ ಹತ್ತಿರ.

ಈಗ್ಯಾಕೆ ಬೇಕು ಎಂದು ಕೇಳಿದೆ.

‘ನಾನು ಹೋದ ಮೇಲೆ ನನ್ನದು ಅಂತ ಉಳಿಯೋದು ಅದೇ ತಾನೆ. ಏನಿದೆ ಅಂತ ತಿಳ್ಕೊಂಡು ಹೋಗ್ತೀನಿ.’

ಸಾಯುವ ಮಾತು ಬಿಡು, ಡಾಕ್ಟರು ಚೆನ್ನಾಗಿದೆ ಅಂದಿದ್ದಾರಲ್ಲ ಎಂದೆ. ಅವಳು ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದಳು. ಇವತ್ತು ತಲೆನೋವು, ನಾಳೆ ಓದೋಣ ಎಂದೆ. ತಲೆನೋವು ಇರಲಿಲ್ಲ.

ಅಕ್ಟೋಬರ್ 10, ಬುಧವಾರ

ಮೊದಲ ಅಧ್ಯಾಯ. ನನ್ನದೇ ವಾಕ್ಯಗಳು ನನ್ನ ಬಾಯಲ್ಲಿ ಹೊರಳುವುದಿಲ್ಲ. ಇಷ್ಟುದ್ದ ಯಾಕೆ ಬರೆದಿದ್ದೆ? ‘ಬೆಳ್ಳಿಯ ಸಮುದ್ರ’ ಎಂದು ಒಂದೇ ಪುಟದಲ್ಲಿ ಮೂರು ಸಲ. ಶಾಲೆಯ ಹುಡುಗಿಯರು ಹೀಗೆ ಬರೆದು ತಂದರೆ ಕೆಂಪು ಶಾಯಿಯಲ್ಲಿ ಗೀಚುತ್ತಿದ್ದವಳು ನಾನು.

ಪುಸ್ತಕದ ಅರಬ್ಬಿಯಲ್ಲಿ ಒಂದು ವಾಕ್ಯ ಓದಿ, ಮನೆಯ ಮಾತಿನಲ್ಲಿ ಅದನ್ನೇ ಹೇಳುತ್ತಾ ಹೋದೆ. ಹಾಗೆ ಹೇಳುವಾಗ ಉದ್ದದ ವಾಕ್ಯ ತುಂಡಾಗುತ್ತದೆ. ಕೆಲವು ಕಡೆ ಹೇಳಲು ಏನೂ ಉಳಿಯುವುದಿಲ್ಲ.

ವಸೀಲಾ ಅಲುಗಾಡದೆ ಕೇಳಿದಳು. ಕೊನೆಗೆ, ‘ನಾಯ್ಲಾ ಅಂದ್ರೆ ನಾನು’ ಎಂದಳು. ಹೂಂ ಎಂದೆ. ‘ಹೆಸರು ಬದಲಾಯಿಸಿದೀಯ. ಕಥೇಲಿರೋ ಕುಂಟ ಕೋಳಿ ನಮ್ಮನೇದೇ. ಅದರದ್ದೂ ಬದಲಾಯಿಸಬೇಕಿತ್ತು, ಅದಕ್ಕೂ ಮಾನ ಇತ್ತು.’

ನನಗೆ ನಗು ಬಂತು. ಅವಳು ನಗಲಿಲ್ಲ, ಆದರೆ ನಾನು ನಗುವುದನ್ನು ನೋಡಿದಳು.

ಅಕ್ಟೋಬರ್ 15, ಸೋಮವಾರ

ರಜೆ. ಆಸ್ಪತ್ರೆ ಇಲ್ಲ, ಆದ್ದರಿಂದ ಕೊನೆಯ ಚಿಕಿತ್ಸೆ ಒಂದು ದಿನ ಮುಂದಕ್ಕೆ ಹೋಗಿ ನವೆಂಬರ್ ಐದಕ್ಕೆ ಬೀಳುತ್ತದೆ. ಎರಡು ಅಧ್ಯಾಯ ಓದಿದೆವು. ಅಪ್ಪನ ಸಿಟ್ಟು ಸರಿಯಾಗಿ ಬಂದಿದೆ ಎಂದಳು. ಅಮ್ಮನ ರೊಟ್ಟಿ ಮಾತ್ರ ಸುಳ್ಳಂತೆ. ಗೋಧಿಯದಲ್ಲ, ಜವೆಗೋಧಿಯದು, ಗೋಧಿ ನಮ್ಮ ಮನೆಗೆ ಹಬ್ಬಕ್ಕೆ ಮಾತ್ರ ಬರುತ್ತಿತ್ತು. ‘ನೀನು ಸ್ಫಾಕ್ಸಿಗೆ ಓದೋಕೆ ಹೋಗಿದ್ದೆ. ರಜೆಗೆ ಬಂದಾಗ ನಿನಗೋಸ್ಕರ ಗೋಧೀದು ಮಾಡ್ತಿದ್ರು. ನಾವು ದಿನಾ ಅದನ್ನೇ ತಿಂತೀವಿ ಅಂದ್ಕೊಂಡಿದ್ಯಾ?’

ಅಂದುಕೊಂಡಿದ್ದೆ.

ಅಕ್ಟೋಬರ್ 18, ಗುರುವಾರ

ಚರ್ಮ ಕೆಂಪಾಗಿದೆ, ಬಿಸಿಲಲ್ಲಿ ಸುಟ್ಟ ಹಾಗೆ. ಕಂಕುಳ ಕೆಳಗೆ ಬಟ್ಟೆ ತಾಗಿದರೂ ಉರಿ. ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರು. ಬೆನ್ನಿನ ಕಡೆಗೆ ಅವಳ ಕೈ ಎಟುಕುವುದಿಲ್ಲ, ನಾನು ಹಚ್ಚಿದೆ. ಹಚ್ಚುವಾಗ ಇಬ್ಬರೂ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆವು. ಹಳೆಯ ಹತ್ತಿಯ ಅಂಗಿಯೊಂದನ್ನು ಕತ್ತರಿಸಿ, ಹೊಲಿಗೆಯ ಅಂಚು ತಾಗದ ಹಾಗೆ ಒಳಹೊರಗು ಮಾಡಿ ಹೊಲಿದುಕೊಟ್ಟೆ. ಸಂಜೆಯ ಹೊತ್ತಿಗೆ ಪರವಾಗಿಲ್ಲ ಎಂದಳು.

ಹಾತಿಮ್ ಮುನ್ನುಡಿ ಕೇಳಿದ. ಆಗಿಲ್ಲ ಎಂದೆ. ಮೂರು ಸಲ ಆರಂಭಿಸಿದ್ದು ನಿಜ: ‘1986ರ ಬೇಸಿಗೆಯಲ್ಲಿ, ನಮ್ಮ ದ್ವೀಪದ ಹಡಗುಕಟ್ಟೆಯಲ್ಲಿ ಒಬ್ಬ ಹುಡುಗಿ...’ ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಕೆಮ್ಮುತ್ತಿರುತ್ತಾಳೆ.

ಅಕ್ಟೋಬರ್ 23, ಮಂಗಳವಾರ

ಕಟ್ಟೆಯ ಅಧ್ಯಾಯಕ್ಕೆ ಬಂದೆವು. ಎಲ್ಲರೂ ಹೊಗಳಿದ ಅಧ್ಯಾಯ. ನಾಯ್ಲಾಳನ್ನು ಮದುವೆಯಾಗಬೇಕಾದವನು ಮಾತು ಮುರಿದು ಫ್ರಾನ್ಸಿಗೆ ಹೊರಡುತ್ತಾನೆ. ಅವಳು ಓಡೋಡಿ ಬಂದು ಕಟ್ಟೆಯ ತುದಿಯಲ್ಲಿ ನಿಂತು ಅವನ ಹೆಸರು ಕೂಗುತ್ತಾಳೆ, ಸ್ಕಾರ್ಫು ಗಾಳಿಗೆ ಹಾರಿ ನೀರಿಗೆ ಬೀಳುತ್ತದೆ, ಫೆರಿ ಕಣ್ಮರೆಯಾಗುವ ತನಕ ಅಳುತ್ತಾಳೆ. ಮೂರು ಪುಟ. ಓದುವಾಗ ನನ್ನ ದನಿ ಸಣ್ಣದಾಗುತ್ತಾ ಹೋಯಿತು.

ಓದಿ ಮುಗಿಸಿದೆ. ‘ಇಷ್ಟೇನಾ?’ ಎಂದಳು ವಸೀಲಾ.

ಇಷ್ಟೇ ಎಂದೆ.

‘ನಾನು ಅಳಲಿಲ್ಲ ಅಕ್ಕ. ಹಮ್ಮಾದಿ ನನ್ನ ಬಿಟ್ಟುಹೋಗಲಿಲ್ಲ. ನಾನೇ ಬೇಡ ಅಂದೆ. ಉಂಗುರ ವಾಪಸ್ ಕೊಡೋಕೆ ಅಮ್ಮ ಒಪ್ಪಲಿಲ್ಲ, ಬಚ್ಚಿಟ್ಟಿದ್ಲು. ನಾನು ಹುಡುಕಿ ತಗೊಂಡು ಸೀದಿ ಯೂಸುಫ್ ಹಡಗುಕಟ್ಟೆವರೆಗೆ ಹೋಗಿ ಅವನ ಕೈಗೇ ಇಟ್ಟೆ.’

ಮತ್ತೆ ಫೆರಿ ಹೋದ ಮೇಲೂ ಅಲ್ಲೇ ನಿಂತಿದ್ದೆಯಲ್ಲ, ಜನ ನೋಡಿದ್ದರಲ್ಲ ಎಂದು ಕೇಳಿದೆ.

‘ಬಸ್ಸಿಗೆ ಕಾಯ್ತಿದ್ದೆ. ಕಾಲು ನೋಯ್ತಿತ್ತು.’

ಅಮ್ಮ ನನಗೆ ಹೇಳಿದ್ದನ್ನೇ ಬರೆದೆ ಎಂದೆ. ನಿಜವೇ ಅದು. ಆ ವರ್ಷ ನಾನು ಇಲ್ಲಿ ಟೀಚರ್ ಕೆಲಸದಲ್ಲಿದ್ದೆ, ಅಮ್ಮ ಬಂದು ಅತ್ತುಕೊಂಡು ಹೇಳಿದ್ದಳು.

‘ಮಗಳನ್ನ ಅವನು ಬಿಟ್ಟ ಅನ್ನೋದು ಅಮ್ಮನಿಗೆ ಸುಲಭವಾಗಿತ್ತು. ಮಗಳೇ ಬೇಡ ಅಂದ್ಲು ಅನ್ನೋಕೆ ಆಗ್ತಿರಲಿಲ್ಲ. ಅವಳನ್ನ ನಾನು ಬೈಯಲ್ಲ. ನೀನು ನನ್ನ ಕೇಳಬಹುದಿತ್ತು. ಹನ್ನೆರಡು ವರ್ಷ ಇತ್ತು ನಿನಗೆ ಆ ಪುಸ್ತಕ ಬರೆಯೋ ಮುಂಚೆ. ನಾನು ಒಂದು ಫೆರಿ ದೂರ ಇದ್ದೆ.’

ಅವಳು ನಿಲ್ಲಿಸಲಿಲ್ಲ. ದನಿ ಏರಿಸಲೂ ಇಲ್ಲ, ಮೀನು ಚೊಕ್ಕ ಮಾಡುತ್ತಾ ಮಾತಾಡುವವಳ ಹಾಗೆ ಹೇಳುತ್ತಾ ಹೋದಳು. ಮದುವೆಗೆ ಮುಂಚೆಯೇ ಮೊಂಜಿಗೆ ಎಲ್ಲ ಹೇಳಿದ್ದಳಂತೆ. ಅವನು ನಂಬಿದ್ದನಂತೆ, ಅದಕ್ಕೇ ಅವಳನ್ನು ಮೆಚ್ಚಿದ್ದನಂತೆ. ಆಮೇಲೆ ರೇಡಿಯೋದಲ್ಲಿ ಕಥೆ ಬಂತು. ಕಾಫಿ ಅಂಗಡಿಯಲ್ಲಿ ಎಲ್ಲರೂ ಅವನ ಬೆನ್ನು ತಟ್ಟಿದರು, ಬೇರೊಬ್ಬ ಬಿಟ್ಟವಳಿಗೆ ಬಾಳು ಕೊಟ್ಟ ಗಂಡಸು ಎಂದು.

‘ಒಂದು ದಿನ ಜಗಳದಲ್ಲಿ ಅವನೂ ಅದನ್ನೇ ಅಂದ. ಅವನು ಬಿಟ್ಟಾಗ ನಿನ್ನ ಕೈ ಹಿಡಿದವನು ನಾನು ಅಂತ. ನಾನು ಬಾಯಲ್ಲಿ ಹೇಳಿದ್ದು ಸುಳ್ಳಾಯ್ತು, ನೀನು ಅಚ್ಚು ಹಾಕಿಸಿದ್ದು ನಿಜ ಆಯ್ತು. ಇಪ್ಪತ್ತು ವರ್ಷ ಊರೆಲ್ಲ ನನ್ನ ಅಯ್ಯೋ ಪಾಪ ಅಂದಿದೆ ಅಕ್ಕ. ನನ್ನ ಜೀವನದಲ್ಲಿ ನಾನು ಸ್ವಂತ ಧೈರ್ಯದಿಂದ ಮಾಡಿದ ಕೆಲಸ ಅದೊಂದೇ. ಅದನ್ನ ತಗೊಂಡುಬಿಟ್ಟೆ.’

ಎದ್ದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಗುಟ್ಟು ಬಯಲು ಮಾಡಿದೆನೆಂದು ಅವಳಿಗೆ ಸಿಟ್ಟು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅದಕ್ಕೊಂದು ಉತ್ತರವನ್ನೂ ಸಿದ್ಧಪಡಿಸಿಕೊಂಡಿದ್ದೆ, ಕಲೆ, ಕಲಾವಿದ, ಸತ್ಯ ಎಂದೆಲ್ಲ.

ಅಕ್ಟೋಬರ್ 24, ಬುಧವಾರ

ಆಸ್ಪತ್ರೆ. ಮಾತಿಲ್ಲ. ಓದಲಿಲ್ಲ.

ಅಕ್ಟೋಬರ್ 26, ಶುಕ್ರವಾರ

ಟ್ಯಾಕ್ಸಿ ಸಿಗಲಿಲ್ಲ, ಆಸ್ಪತ್ರೆಯಿಂದ ಸ್ವಲ್ಪ ದೂರ ನಡೆದೆವು. ಅವಳಿಗೆ ಸುಸ್ತಾಗಿ ಒಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತೆವು. ಹಮ್ಮಾದಿಯನ್ನು ಯಾಕೆ ಬೇಡ ಎಂದೆ ಎಂದು ಅಲ್ಲಿ ಕೇಳಿದೆ. ಮೂವತ್ತೆರಡು ವರ್ಷ ತಡವಾಗಿ.

ನನ್ನ ಮುಖವನ್ನೇ ನೋಡಿದಳು. ಬರೆಯುವುದಕ್ಕೆ ಕೇಳುತ್ತಿದ್ದೇನೋ, ನಿಜಕ್ಕೂ ತಿಳಿಯುವುದಕ್ಕೋ ಎಂದು ನೋಡಿದಳು ಅನ್ನಿಸುತ್ತದೆ. ಆಮೇಲೆ ಹೇಳಿದಳು. ಬಹಳ ಹೊತ್ತು ಹೇಳಿದಳು. ನಡುವೆ ಎರಡು ಖಾಲಿ ಟ್ಯಾಕ್ಸಿ ಹೋದವು, ಕೈ ಎತ್ತಲಿಲ್ಲ.

ಏನು ಹೇಳಿದಳೆಂದು ಇಲ್ಲಿ ಬರೆಯಲು ಕೂತೆ. ಆಗುತ್ತಿಲ್ಲ. ಬೆಳಗ್ಗೆಯಿಂದ ಬೆರಳು ನೋಯುತ್ತಿದೆ, ಚಳಿ ಶುರುವಾಯಿತಲ್ಲ.

ಅಕ್ಟೋಬರ್ 29, ಸೋಮವಾರ

ಚರ್ಮ ಒಂದು ಕಡೆ ಒಡೆದಿದೆ. ಚಿಕಿತ್ಸೆ ನಿಲ್ಲಿಸಬೇಕಾಗಬಹುದು ಎಂದು ಅಲ್ಲಿನ ಹುಡುಗಿ ಹೇಳಿದ್ದಕ್ಕೆ ವಸೀಲಾ ಬೇಡವೇ ಬೇಡ ಎಂದಳು, ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಎಂದಳು. ಡಾಕ್ಟರ್ ನೋಡಿ ಮುಂದುವರಿಸಿ ಎಂದರು. ಗಾಯಕ್ಕೆ ಹಾಕುವ ಬಟ್ಟೆಯನ್ನು ದಿನಕ್ಕೆ ಎರಡು ಸಲ ಬದಲಾಯಿಸಬೇಕು, ಒಣಗಿದ್ದರೆ ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ನೆನೆಸಿ ಬಿಡಿಸಬೇಕು, ಎಳೆಯಬಾರದು. ಮೇಲಿಂದ ಕೆಳಕ್ಕೆ ಬಿಡಿಸಿದರೆ ನೋವು ಕಡಿಮೆ. ಅವಳಿಗೆ ಅನ್ನ, ರೊಟ್ಟಿ ಸೇರುತ್ತಿಲ್ಲ. ಹುರಿದ ಧಾನ್ಯದ ಬ್ಸೀಸಾ ಹಿಟ್ಟನ್ನು ಆಲಿವ್ ಎಣ್ಣೆ, ಸಕ್ಕರೆಯಲ್ಲಿ ಕಲಸಿದರೆ ನಾಲ್ಕು ಚಮಚ ತಿನ್ನುತ್ತಾಳೆ. ಸಕ್ಕರೆ ಕಡಿಮೆ, ಎಣ್ಣೆ ಜಾಸ್ತಿ.

ಅವಳ ಬಗ್ಗೆ ಬರೆದಿದ್ದ ಆ ಎರಡು ಪುಟವನ್ನು ಒಲೆ ಹಚ್ಚಲು ಬಳಸಿದೆ. ಕಡ್ಡಿಪೆಟ್ಟಿಗೆ ಒದ್ದೆಯಾಗಿತ್ತು, ಲೈಟರಿನಿಂದ ನೇರ ಹಚ್ಚಲು ನನಗೆ ಭಯ.

ನವೆಂಬರ್ 2, ಶುಕ್ರವಾರ

ಉಳಿದ ಅಧ್ಯಾಯಗಳನ್ನೂ ಓದು ಎಂದಳು. ಬೇಡವೆಂದೆ. ‘ಶುರು ಮಾಡಿದ್ದು ಮುಗಿಸು’ ಎಂದಳು. ಮುಗಿಸಿದೆ. ಕೊನೆಯಲ್ಲಿ ನಾಯ್ಲಾ ಮುದುಕಿಯಾಗಿ ದಿನವೂ ಕಟ್ಟೆಗೆ ಹೋಗಿ ಕೂರುತ್ತಾಳೆ.

‘ಪಾಪ, ಅವಳಿಗೆ ಮನೇಲಿ ಏನೂ ಕೆಲಸ ಇರಲಿಲ್ವಾ?’ ಎಂದಳು ವಸೀಲಾ. ಈ ಸಲ ಅವಳೇ ಮೊದಲು ನಕ್ಕಳು. ನಕ್ಕರೆ ಗಾಯ ಎಳೆಯುತ್ತದೆಂದು ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು.

ಹೊಸ ಆವೃತ್ತಿಯ ವಿಷಯ ಹೇಳಿದೆ. ಕಟ್ಟೆಯ ಅಧ್ಯಾಯವನ್ನು ತಿದ್ದಿ ಬರೆಯುತ್ತೇನೆ, ನೀನು ಹೇಳಿದ್ದನ್ನೇ ಹಾಕುತ್ತೇನೆ ಎಂದೆ. ಅವಳ ನಗು ನಿಂತಿತು.

‘ಬೇಡ. ಟ್ಯೂನಿಸ್‌ನವರಿಗೆ ನನ್ನ ಕಥೆ ಏನು ಆಗ್ಬೇಕು? ಅಲ್ಲಿ ಓದೋರು ಯಾರಿಗೂ ನಾನು ಗೊತ್ತಿಲ್ಲ. ಗೊತ್ತಿರೋರು ಯಾರೂ ಅದನ್ನ ಮತ್ತೆ ಓದಲ್ಲ.’

ನವೆಂಬರ್ 5, ಸೋಮವಾರ

ಇಪ್ಪತ್ತೈದನೆಯದು, ಕೊನೆಯದು. ಮನೆಗೆ ಬಂದು ಶಾಯಿಯ ಗೆರೆಗಳನ್ನು ಅವಳೇ ಒರೆಸಿಕೊಂಡಳು, ಮೆಲ್ಲಗೆ, ಹತ್ತಿಯಿಂದ. ಪೂರ್ತಿ ಹೋಗಲಿಲ್ಲ. ನಾಡಿದ್ದು ಊರಿಗೆ. ಚೀಲ ಎತ್ತಬಾರದು, ನಾನೂ ಬರುತ್ತೇನೆ ಎಂದೆ. ನಿನ್ನಿಷ್ಟ ಎಂದಳು.

ನವೆಂಬರ್ 7, ಬುಧವಾರ, ಅತಾಯಾ

ಹನ್ನೊಂದು ವರ್ಷದ ಮೇಲೆ ದ್ವೀಪಕ್ಕೆ ಬಂದೆ. ಫೆರಿಯಲ್ಲಿ ವಸೀಲಾ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ಮೊಂಜಿ ಮೀನು ಹಾಕಿದ ರವೆಯ ಕುಸ್ಕುಸ್ ಮಾಡಿಸಿದ್ದ. ಮಾಡಿದ್ದು ಅವನ ಅಕ್ಕ ಶಾದ್ಲಿಯಾ, ಪಕ್ಕದ ಮನೆಯವಳು, ಒಳ್ಳೆಯ ಕೈರುಚಿ, ಬಾಯಿ ಮಾತ್ರ ನಿಲ್ಲುವುದಿಲ್ಲ. ನಾವು ನಾಲ್ವರು ಒಂದೇ ದೊಡ್ಡ ತಟ್ಟೆಯ ಸುತ್ತ ಕೂತಿದ್ದೆವು. ಶಾದ್ಲಿಯಾ ವಸೀಲಾಳ ಕಡೆಗೆ ಮೀನು ಸರಿಸುತ್ತಾ ಹೇಳಿದಳು: ‘ತಿನ್ನಮ್ಮ. ಮಿಸ್ಕೀನಾ, ಪಾಪದವಳೇ, ನಿನ್ನ ಹಣೇಲಿ ಸುಖ ಬರೆದಿಲ್ಲ. ವಯಸ್ಸಲ್ಲಿ ಅವನು ನಡುನೀರಲ್ಲಿ ಬಿಟ್ಟುಹೋದ. ಪುಣ್ಯಕ್ಕೆ ನನ್ನ ತಮ್ಮ ಸಿಕ್ಕ. ಈಗ ನೋಡಿದ್ರೆ ಈ ಕಾಯಿಲೆ.’

ವಸೀಲಾ ತಲೆ ಎತ್ತಲಿಲ್ಲ. ಅಭ್ಯಾಸವಾಗಿಬಿಟ್ಟವಳ ಹಾಗೆ ಕುಸ್ಕುಸ್ಸನ್ನು ಚಮಚದಿಂದ ಒಟ್ಟು ಮಾಡುತ್ತಿದ್ದಳು. ಮೊಂಜಿ ಮೀನಿನ ಮುಳ್ಳು ಬಿಡಿಸುತ್ತಿದ್ದ.

ನಾನು ಹೇಳಿದೆ, ‘ಅವನು ಬಿಟ್ಟುಹೋಗಲಿಲ್ಲ. ಇವಳೇ ಬೇಡ ಅಂದಿದ್ದು. ಹಡಗುಕಟ್ಟೆಗೆ ಹೋಗಿ ಉಂಗುರ ಅವನ ಕೈಗೆ ವಾಪಸ್ ಕೊಟ್ಟು ಬಂದಳು.’

ಶಾದ್ಲಿಯಾ ನನ್ನನ್ನೇ ನೋಡಿದಳು. ‘ಪುಸ್ತಕದಲ್ಲಿ ನೀನೇ ಬರೆದಿದೀಯಲ್ಲ ನಜೀಹಾ. ಅತ್ತಳು, ಕೂಗಿದಳು ಅಂತ. ನಾವೆಲ್ಲ ರೇಡಿಯೋದಲ್ಲಿ ಕೇಳಿ ಅತ್ತಿದ್ವಿ.’

‘ಇವಳು ಅಳಲಿಲ್ಲ. ಅಳಿಸಿದವಳು ನಾನು. ಆ ದಿನ ನಾನು ಅಲ್ಲಿರಲೂ ಇಲ್ಲ. ಆಮೇಲೆ ಇವಳನ್ನ ಒಂದು ಮಾತು ಕೇಳಲೂ ಇಲ್ಲ. ನಾನು ಬರೆದದ್ದು ತಪ್ಪು.’

ಇದನ್ನು ಶಾದ್ಲಿಯಾಳಿಗೆ ಹೇಳಿದೆ, ಆದರೆ ನೋಡಿದ್ದು ಮೊಂಜಿಯನ್ನು. ಅವನ ಕೈ ನಿಂತಿತ್ತು. ಯಾರೂ ತಿನ್ನುತ್ತಿರಲಿಲ್ಲ. ಹೊರಗೆ ಯಾರದೋ ಮೋಟಾರ್ ಸೈಕಲ್ ಹೋಯಿತು. ಅವನು ಹೆಂಡತಿಯ ಕಡೆ ತಿರುಗಿ ಹೇಳಿದ.

‘ನೀನು ಮೊದಲೇ ಹೇಳಿದ್ದೆ.’

‘ಹೇಳಿದ್ದೆ’ ಎಂದಳು ವಸೀಲಾ.

ಅವನು ಬಿಡಿಸಿಟ್ಟಿದ್ದ ಮೀನನ್ನೆಲ್ಲ, ಒಂದು ಮುಳ್ಳೂ ಇಲ್ಲದ್ದನ್ನು, ಅವಳ ಮುಂದಕ್ಕೆ ದೂಡಿ ಎದ್ದು ಹೋದ. ಕೈ ತೊಳೆಯಲು ಅಂದುಕೊಂಡೆವು. ಅಂಗಳದಲ್ಲಿ ಕೈ ತೊಳೆಯದೆ ನಿಂತಿದ್ದ, ನಮಗೆ ಬೆನ್ನು ಮಾಡಿ. ಶಾದ್ಲಿಯಾ ಬಾಯಿ ತೆರೆದಳು, ವಸೀಲಾ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. ಶಾದ್ಲಿಯಾ ಸುಮ್ಮನಾದದ್ದನ್ನು ನಾನು ನೋಡಿದ್ದು ಇದೇ ಮೊದಲು.

ವಸೀಲಾ ಅಷ್ಟನ್ನೂ ತಿಂದಳು.

ಸಂಜೆ ಹಾಸಿಗೆ ಹಾಸಿಕೊಡುತ್ತಾ, ನಾಳೆ ಬೆಳಗಿನ ಫೆರಿಗೆ ಹೊರಡು ಎಂದಳು. ಇನ್ನೆರಡು ದಿನ ಇರುತ್ತೇನೆ, ಗಾಯದ ಬಟ್ಟೆ ಯಾರು ಬದಲಾಯಿಸುತ್ತಾರೆ ಎಂದೆ.

‘ಮೊಂಜಿ ಮಾಡ್ತಾನಂತೆ. ಈಗ ಕೇಳ್ದ.’ ಸ್ವಲ್ಪ ತಡೆದು, ‘ನೀನಿದ್ರೆ ನಾವು ಮಾತಾಡಲ್ಲ ಅಕ್ಕ’ ಎಂದಳು. ಸಿಟ್ಟಿನಿಂದಲ್ಲ.

ನವೆಂಬರ್ 9, ಶುಕ್ರವಾರ

ಮನೆ. ಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಹಾಕಿಟ್ಟು ಹೋಗಿದ್ದೆ, ಮುಲಾಮಿನ ವಾಸನೆ ಹಾಗೇ ಇದೆ. ಐದು ವಾರ ಆಸ್ಪತ್ರೆಗೆಂದು ಏಳುತ್ತಿದ್ದ ಹೊತ್ತಿಗೇ ಈಗಲೂ ಎಚ್ಚರವಾಗುತ್ತದೆ. ಎದ್ದು ಏನು ಮಾಡಲಿ? ಕಿಟಕಿಯ ಪಕ್ಕ ಕೂತು ಪುಸ್ತಕ ತೆರೆದೆ. ಎರಡು ಪುಟವಾದ ಮೇಲೆ ತಿಳಿಯಿತು, ಬಾಯಿ ಬಿಟ್ಟು ಗಟ್ಟಿಯಾಗಿ ಓದುತ್ತಿದ್ದೇನೆ. ಕೆಳಮನೆಯವರಿಗೆ ಕೇಳಿಸಿರಬೇಕು.

ಹಾತಿಮ್‌ಗೆ ಮುನ್ನುಡಿ ಕಳಿಸಿದೆ. ಹತ್ತು ಪುಟವಲ್ಲ, ಮೂರು ಸಾಲು. ಈ ಪುಸ್ತಕದಲ್ಲಿ ಕಟ್ಟೆಯ ಮೇಲೆ ಒಬ್ಬ ಹುಡುಗಿ ಅಳುತ್ತಾಳೆ. ಅಂಥ ಹುಡುಗಿಯನ್ನು ನಾನು ನೋಡಿಲ್ಲ. ಅಲ್ಲಿದ್ದವರನ್ನು ಕೇಳದೆ ಬರೆದೆ.

ತಕ್ಷಣ ಫೋನು ಮಾಡಿದ. ಇದು ಮುನ್ನುಡಿಯಲ್ಲ, ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಎಂದ. ಅವನು ಹೇಳಿದ್ದು ಸರಿಯಾಗಿದೆ ಅನ್ನಿಸಿತು. ಇದನ್ನು ಹಾಕಿದರೆ ಹಾಕು, ಇಲ್ಲದಿದ್ದರೆ ಪುಸ್ತಕ ಬೇಡ ಎಂದೆ. ಬರುವ ವರ್ಷ ನೋಡೋಣ ಮೇಡಂ, ನೀವು ದಣಿದಿದ್ದೀರಿ ಎಂದ. ಡಿಸೆಂಬರಿನ ಹೊಸ ಆವೃತ್ತಿ, ಗಟ್ಟಿ ರಟ್ಟು, ಫೋಟೋ ಎಲ್ಲ ಹೋಯಿತು. ಫೋನಿಟ್ಟು ಮಾರುಕಟ್ಟೆಗೆ ಹೋಗಿ ಜವೆಗೋಧಿ ಹಿಟ್ಟು ತಂದೆ. ರೊಟ್ಟಿ ಗಟ್ಟಿಯಾಯಿತು. ಅರ್ಧ ತಿಂದೆ.

ನವೆಂಬರ್ 14, ಬುಧವಾರ

ಯಾರ ಫೋನೂ ಇಲ್ಲ. ನಾನಾಗಿ ಮಾಡಬಾರದು ಅಂದುಕೊಂಡಿದ್ದೇನೆ. ಅವರಿಬ್ಬರೂ ಮಾತಾಡಿಕೊಳ್ಳಲಿ.

ನವೆಂಬರ್ 21, ಬುಧವಾರ

ಮಧ್ಯಾಹ್ನ ಎರಡೂವರೆಗೆ ವಸೀಲಾ ಫೋನು ಮಾಡಿದಳು. ಗಾಯ ಒಣಗಿದೆ. ಜನವರಿಯಲ್ಲಿ ಮತ್ತೆ ತೋರಿಸಬೇಕು, 15ನೇ ತಾರೀಕು, ಬೆಳಗ್ಗೆ ಒಂಬತ್ತಕ್ಕೆ. ಹಿಂದಿನ ದಿನವೇ ಬರುತ್ತೇನೆ, ದಿಂಬು ನಾನೇ ತರುತ್ತೇನೆ, ನಿನ್ನದು ಕಲ್ಲು ಎಂದಳು. ಮೊಂಜಿ ಹೇಗಿದ್ದಾನೆ ಎಂದೆ. ‘ಬಟ್ಟೆ ಬದಲಾಯಿಸೋಕೆ ಅರ್ಧ ಗಂಟೆ ಬೇಕಿತ್ತು ಅವನಿಗೆ. ಆದ್ರೂ ಅವನೇ ಮಾಡ್ದ’ ಎಂದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ.

ಫೋನಿಡುತ್ತಾಳೆ ಅಂದುಕೊಂಡೆ. ಇಡಲಿಲ್ಲ.

‘ಅಕ್ಕ, ಏನಾದ್ರೂ ಓದು. ಮಧ್ಯಾಹ್ನ ನಿದ್ದೆ ಹತ್ತಲ್ಲ ನಂಗೆ ಈಗ.’

ಯಾವುದನ್ನು ಓದಲಿ ಎಂದೆ.

‘ಯಾವ್ದಾದ್ರೂ. ನಿಂದಲ್ಲದ್ದು.’

ಕಪಾಟಿನ ಮುಂದೆ ಬಹಳ ಹೊತ್ತು ನಿಂತೆ, ಅವಳು ಅಲ್ಲಿ ಕಾಯುತ್ತಿದ್ದಳು. ಕೊನೆಗೆ ಹಳೆಯದೊಂದು ಪ್ರವಾಸದ ಪುಸ್ತಕ ತೆಗೆದೆ, ಒಬ್ಬ ವ್ಯಾಪಾರಿ ಒಂಟೆಯ ಮೇಲೆ ಉಪ್ಪು ತರಲು ಹೋದದ್ದು. ಒಂದು ವಾಕ್ಯ ಪುಸ್ತಕದ ಮಾತಿನಲ್ಲಿ, ಒಂದು ನಮ್ಮ ಮಾತಿನಲ್ಲಿ. ಮೊದಲು ಅವಳು ನಡುನಡುವೆ ಕೇಳುತ್ತಿದ್ದಳು, ಒಂಟೆಗೆ ನೀರು ಎಷ್ಟು ದಿನಕ್ಕೊಮ್ಮೆ, ಅವನ ಹೆಂಡತಿ ಎಲ್ಲಿದ್ದಳು ಎಂದು. ಹೆಂಡತಿಯ ವಿಷಯ ಪುಸ್ತಕದಲ್ಲಿಲ್ಲ, ನನಗೆ ಗೊತ್ತಿಲ್ಲ ಎಂದೆ. ಆಮೇಲೆ ಕೇಳುವುದು ನಿಂತಿತು. ಉಸಿರು ನಿಧಾನವಾಯಿತು.

ಅವಳಿಗೆ ನಿದ್ದೆ ಬಂದಿದೆ ಎಂದು ಗೊತ್ತಾದ ಮೇಲೂ ಅಧ್ಯಾಯ ಮುಗಿಸಿದೆ. ಆಮೇಲೆ ಪುಸ್ತಕ ಮಡಚಿ, ಫೋನು ಕಿವಿಗೇ ಇಟ್ಟುಕೊಂಡು ಕೂತೆ. ಅವಳ ಅಂಗಳದಲ್ಲಿ ಕೋಳಿ ಕೂಗಿತು. ಯಾರೋ ಮೆಲ್ಲಗೆ ಒಳಗೆ ಬಂದು ಕಿಟಕಿ ಮುಚ್ಚಿದ ಸದ್ದು, ಹೊದಿಕೆ ಎಳೆದ ಸದ್ದು. ಮೊಂಜಿ ಇರಬೇಕು. ಫೋನು ಕಂಡಿತೇನೋ, ‘ಅಕ್ಕ?’ ಎಂದು ಪಿಸುಗುಟ್ಟಿದ.

ಮಲಗಿದ್ದಾಳೆ, ಎಬ್ಬಿಸಬೇಡ ಎಂದೆ.